ಸಿಲಿಕೋನ್ ತೆಗೆದರೆ ಅದರ ಜಾಗಕ್ಕೆ ಏನು?

ಹಾಸನದ ಯಾವುದಾದರೂ ಫ್ಯಾನ್ಸಿ ಸ್ಟೋರ್‌ಗೆ ಹೋಗಿ ಹೇರ್ ಸೀರಮ್ ಬಾಟಲಿಯ ಹಿಂಬದಿ ಓದಿ. ಎಷ್ಟೋ ಬಾಟಲಿಗಳಲ್ಲಿ ಸೈಕ್ಲೋಪೆಂಟಾಸಿಲಾಕ್ಸೇನ್, ಡೈಮೆಥಿಕೋನಾಲ್ ಎಂಬ ಎರಡು ಹೆಸರು ಸಿಗುತ್ತವೆ. ಎರಡೂ ಸಿಲಿಕೋನೇ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿಸಿ ಮಾಡಿದ ನುಣುಪು ವಸ್ತು. ಆದರೆ ಮೊದಲನೆಯದು ಕೂದಲ ಮೇಲೆ ಹರಡಿ ಆರಿಹೋಗುತ್ತದೆ, ಎರಡನೆಯದು ಪದರವಾಗಿ ಉಳಿಯುತ್ತದೆ. ಹಾಗಾಗಿ ಬದಲಿ ಹುಡುಕುವ ಮೊದಲು ಅದು ಯಾವ ಕೆಲಸ ಮಾಡುತ್ತಿತ್ತು ಅಂತ ನೋಡಬೇಕು. ಎಲ್ಲ ಕೆಲಸಕ್ಕೂ ಆಗುವ ಒಂದೇ ಬದಲಿ ಇಲ್ಲ.

ಸಿಲಿಕೋನ್ ಅಷ್ಟು ಸಲೀಸಾಗಿ ಹರಡುವುದೇಕೆ? ದ್ರವ ಹರಡದೆ ಹನಿಯಾಗಿ ಮುದುರಿಕೊಳ್ಳುವಂತೆ ಮಾಡುವುದು ಮೇಲ್ಮೈ ಎಳೆತ. ಅದು ಕಡಿಮೆಯಾದಷ್ಟೂ ಹರಡುವುದು ಸಲೀಸು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಖನಿಜ ತೈಲದ್ದು 30ರ ಆಸುಪಾಸು, ಸಿಲಿಕೋನ್ ಎಣ್ಣೆಯದ್ದು ಬರೀ 20–21. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಈಗ ಆರಿಹೋಗುವ ಸಿಲಿಕೋನ್, ಅಂದರೆ ಸೈಕ್ಲೋಪೆಂಟಾಸಿಲಾಕ್ಸೇನ್, ಚಿಕ್ಕದಾಗಿ ಡಿ5. ಅದು ಪರಿಸರದಲ್ಲಿ ಬೇಗ ಕೊಳೆಯುವುದಿಲ್ಲ. ಅದಕ್ಕೇ ಯುರೋಪಿಯನ್ ಒಕ್ಕೂಟ ತೊಳೆದುಹೋಗುವ ಸೌಂದರ್ಯವರ್ಧಕಗಳಲ್ಲಿ ಅದನ್ನು 2020ರಿಂದ ಶೇ. 0.1ಕ್ಕಿಂತ ಕಡಿಮೆಗೆ ಇಳಿಸಿದೆ. ಹಚ್ಚಿ ಹಾಗೇ ಬಿಡುವ ಕ್ರೀಮ್, ಸೀರಮ್‌ಗಳ ಸರದಿ 2027ರ ಜೂನ್‌ಗೆ. ಬದಲಿಗೆ ಐಸೊಡೋಡೆಕೇನ್, ಅಂಡೆಕೇನ್-ಟ್ರೈಡೆಕೇನ್ ಮಿಶ್ರಣ, ಕೊಕೊ ಕ್ಯಾಪ್ರಿಲೇಟ್ ಬಳಸುತ್ತಾರೆ. ಕಂದು ಕಾಗದದ ಮೇಲೆ ಒಂದೊಂದು ಹನಿ ಬಿಟ್ಟು ನೋಡಿ. ಡಿ5, ಐಸೊಡೋಡೆಕೇನ್ ಎರಡೂ ಕಲೆ ಬಿಡದೆ ಆರುತ್ತವೆ, ಐಸೊಡೋಡೆಕೇನ್ ಇನ್ನೂ ಬೇಗ. ಕೊಕೊ ಕ್ಯಾಪ್ರಿಲೇಟ್ ಎಣ್ಣೆಕಲೆ ಬಿಡುತ್ತದೆ. ಕೈಗೆ ಹಗುರ ಅನ್ನಿಸಿದ ಮಾತ್ರಕ್ಕೆ ಅದು ಆರಿಹೋಗುತ್ತದೆ ಅಂತಲ್ಲ.

ಕೊಕೊ ಅಂದಕೂಡಲೇ ನಮ್ಮ ಅರಸೀಕೆರೆ ತೆಂಗು ನೆನಪಾಗುತ್ತದೆ, ಅಲ್ವಾ? ಆದರೆ ಸುಮ್ನೆ ಗಾಣಕ್ಕೆ ಹಾಕಿದರೆ ಇದು ಸಿಗಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ. ಇಲ್ಲಿ ಬೇಕಾದ ಕ್ಯಾಪ್ರಿಲಿಕ್ ಆಮ್ಲ ಅದರ ಮುಂದೆ ತೀರಾ ಕಡಿಮೆ. ಅದನ್ನು ಬೇರ್ಪಡಿಸಿ, ತೆಂಗಿನಿಂದಲೇ ಮಾಡಿದ ಆಲ್ಕೋಹಾಲ್ ಜೊತೆ ಸೇರಿಸಿ ಎಸ್ಟರ್ ಮಾಡಬೇಕು.

ಉಳಿಯುವ ಪದರದ ಕೆಲಸಕ್ಕೆ ಬೆಹೆನ್‌ಟ್ರಿಮೋನಿಯಂ ಕ್ಲೋರೈಡ್ ಎಂಬ ಧನ ಆವೇಶದ ಕಂಡಿಷನರ್ ವಸ್ತು ಇದೆ, ಧನ ಆವೇಶ ಕೊಟ್ಟ ಗೋರಿಕಾಯಿ ಬೀಜದ ಗೋಂದೂ ಇದೆ. ಹಾಳಾದ ಕೂದಲಿಗೆ ಋಣ ಆವೇಶ ಜಾಸ್ತಿ, ಹಾಗಾಗಿ ಇವು ಅಲ್ಲೇ ಕಚ್ಚಿಕೊಳ್ಳುತ್ತವೆ. ಸಿಕ್ಕು ಬಿಡುತ್ತದೆ. ಹೊಳಪು ಮಾತ್ರ ಸಿಲಿಕೋನ್‌ನಷ್ಟು ಬರಲ್ಲ.

ಪೇಂಟ್‌ನಲ್ಲಿ ಕಥೆ ಉಲ್ಟಾ. ಚೂರು ಸಿಲಿಕೋನ್ ತಪ್ಪಿ ಸೇರಿದರೂ ಒಣಗಿದ ಪದರದಲ್ಲಿ ಮೀನಿನ ಕಣ್ಣಿನಂಥ ಕುಳಿ ಬೀಳುತ್ತವೆ. ಅದಕ್ಕೇ ಅಲ್ಲಿ ನೊರೆ ತಡೆಯಲು ಸಿಲಿಕೋನ್ ಬದಲು ಎಷ್ಟೋ ಸಲ ಖನಿಜ ತೈಲ ಮತ್ತು ನೀರು ಹಿಡಿಯದ ಸಿಲಿಕಾ ಪುಡಿ ಸಾಕು ಅನ್ನುತ್ತಾರೆ.

ಚಿಕ್ಕಮಗಳೂರಿನ ಕಾಫಿ ತೋಟದ ಉದಾಹರಣೆ ನನಗೆ ಹೆಚ್ಚು ಇಷ್ಟ. ಎಲೆ ತುಕ್ಕು ರೋಗ ಎಲೆಯ ತಳಭಾಗದ ರಂಧ್ರಗಳಿಂದ ಒಳಗೆ ಹೋಗುತ್ತದೆ, ಔಷಧಿಯೂ ಅಲ್ಲಿಗೇ ತಲುಪಬೇಕು. ಟ್ರೈಸಿಲಾಕ್ಸೇನ್ ಸ್ಪ್ರೆಡರ್ (ಔಷಧಿ ಎಲೆ ಮೇಲೆ ಹರಡಲು ಹಾಕುವ ಸಿಲಿಕೋನ್) ಬೆರೆಸಿದ ನೀರಿನ ಮೇಲ್ಮೈ ಎಳೆತ 20–22ಕ್ಕೆ ಇಳಿಯುತ್ತದೆ, ಹನಿ ಚಪ್ಪಟೆಯಾಗಿ ಹರಡುತ್ತದೆ. ತೊಂದರೆ ಏನಂದರೆ, ಪಿಎಚ್ ತಟಸ್ಥದಿಂದ ದೂರ ಸರಿದರೆ ಈ ಅಣು ಒಡೆಯುತ್ತದೆ. ತುಕ್ಕು ರೋಗಕ್ಕೆ ಸಿಂಪಡಿಸುವ ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣದ ದ್ರಾವಣ. ಸುಣ್ಣ ಜಾಸ್ತಿಯಾದ ಬೋರ್ಡೋ ಕ್ಷಾರೀಯ, ಡ್ರಮ್‌ನಲ್ಲಿ ನಿಂತಷ್ಟೂ ಸ್ಪ್ರೆಡರ್ ಕೆಲಸ ಕೆಡುತ್ತದೆ. ಸಿಲಿಕೋನ್ ಇಲ್ಲದ ಸ್ಪ್ರೆಡರ್ ಆದ ಆಲ್ಕೋಹಾಲ್ ಎಥಾಕ್ಸಿಲೇಟ್ ಎಳೆತವನ್ನು 30ರ ಹತ್ತಿರಕ್ಕಷ್ಟೇ ಇಳಿಸುತ್ತದೆ, ಆದರೆ ಸುಣ್ಣಕ್ಕೆ ಜಗ್ಗಲ್ಲ. ಹರಡುವುದು ಕಡಿಮೆ, ಹಾಗಾಗಿ ಎಲೆಯಿಂದ ಸುರಿದು ಪೋಲಾಗುವುದೂ ಕಡಿಮೆ. ಒಣಗಿದ ಮೇಲೆ ಬೋರ್ಡೋ ತಾನಾಗೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಸಿಲಿಕೋನ್ ಬೇಕೇ ಬೇಕು ಅಂತೇನಿಲ್ಲ.