ಮತ್ತೆ ಮತ್ತೆ ಕಾಡುವ ಉರಿಮೂತ್ರ: ಮಾತ್ರೆಗಿಂತ ಮೊದಲು ಕಲ್ಚರ್

ಮೂತ್ರಕ್ಕೆ ಹೋದರೆ ಉರಿ. ಹತ್ತು ನಿಮಿಷಕ್ಕೊಮ್ಮೆ ಅವಸರ, ಬರುವುದು ಮಾತ್ರ ನಾಲ್ಕು ಹನಿ. ‘ಉಷ್ಣ ಆಗಿದೆ’ ಅಂತ ಮನೆಯಲ್ಲಿ ಎಳನೀರು, ಬಾರ್ಲಿ ನೀರು ಕೊಡುತ್ತಾರೆ. ಕಡಿಮೆಯಾಗದಿದ್ದರೆ ಹಳೆಯ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಿ ಅದೇ ಮಾತ್ರೆ ತರುತ್ತಾರೆ. ಉರಿ ಇಳಿಯುತ್ತದೆ, ಎರಡು ತಿಂಗಳಿಗೆ ಮತ್ತೆ ಶುರು.

6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಮೂತ್ರದ ಸೋಂಕು ಬಂದರೆ ಅದು ಮರುಕಳಿಸುವ ಸೋಂಕು. ಹೆಂಗಸರಲ್ಲೇ ಇದು ಹೆಚ್ಚು, ಏಕೆಂದರೆ ಅವರ ಮೂತ್ರನಾಳದ ಉದ್ದ ಸುಮಾರು 4 ಸೆಂ.ಮೀ. ಮಾತ್ರ. ಕರುಳಿನಲ್ಲಿ ತಣ್ಣಗಿರುವ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಅದು ತೀರ ಹತ್ತಿರದ ದಾರಿ. ಮೈಮೇಲಿನ ಸಣ್ಣ ಎಳೆಗಳಿಂದ ಅದು ಮೂತ್ರಕೋಶದ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಜೀವಕೋಶದ ಒಳಗೇ ಸೇರಿಬಿಡುತ್ತದೆ.

ಆದರೆ ಪ್ರತಿ ಉರಿಯೂ ಸೋಂಕಲ್ಲ. ಕಲ್ಲು, ಯೋನಿಯ ಸೋಂಕು, ಮುಟ್ಟು ನಿಂತ ಮೇಲಿನ ಶುಷ್ಕತೆಯಿಂದಲೂ ಉರಿಯಬಹುದು. ಆದ್ದರಿಂದ ಪದೇ ಪದೇ ಉರಿ ಬರುವವರು ಮಾತ್ರೆಯ ಮೊದಲ ಡೋಸ್‌ಗೂ ಮುಂಚೆ ಯೂರಿನ್ ಕಲ್ಚರ್‌ಗೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ಕೊಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬ್‌ನವರೇ ಕೊಟ್ಟ ಡಬ್ಬಿಯಲ್ಲಿ ಹಿಡಿಯಬೇಕು. 2 ಗಂಟೆಯೊಳಗೆ ತಲುಪಿಸಲಾಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಇಲ್ಲವಾದರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ಕೆಡುತ್ತದೆ.

ಎರಡು ಮೂರು ದಿನಕ್ಕೆ ಬರುವ ಆ ರಿಪೋರ್ಟಿನಲ್ಲಿ ಒಂದೊಂದು ಆಂಟಿಬಯೋಟಿಕ್‌ನ ಮುಂದೆಯೂ ‘ಎಸ್’ ಅಥವಾ ‘ಆರ್’ ಎಂದಿರುತ್ತದೆ. ಎಸ್ ಎಂದರೆ ಔಷಧ ಕೆಲಸ ಮಾಡುತ್ತದೆ, ಆರ್ ಎಂದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ನಮ್ಮ ದೇಶದಲ್ಲಿ ಸಿಪ್ರೋಫ್ಲಾಕ್ಸಸಿನ್ ಮುಂದೆ ಆರ್ ಕಾಣುವುದು ತೀರ ಸಾಮಾನ್ಯವಾಗಿಬಿಟ್ಟಿದೆ. ಹಳೆಯ ಔಷಧವಾದ ನೈಟ್ರೋಫ್ಯುರಾಂಟಾಯಿನ್ ಇನ್ನೂ ಬಹಳಷ್ಟು ಕಡೆ ಕೈಹಿಡಿಯುತ್ತಿದೆ. ತೊಂದರೆಯೇ ಇಲ್ಲದವರ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡರೆ, ಗರ್ಭಿಣಿಯರನ್ನು ಬಿಟ್ಟು ಉಳಿದವರಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ತಡೆಯುವ ವಿಷಯಕ್ಕೆ ಬಂದರೆ, ನೀರಿಗೆ ಒಳ್ಳೆಯ ಸಾಕ್ಷ್ಯವಿದೆ. 2018ರಲ್ಲಿ ಪ್ರಕಟವಾದ ಬಲ್ಗೇರಿಯಾದ ಅಧ್ಯಯನವೊಂದರಲ್ಲಿ, ಕಡಿಮೆ ನೀರು ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಯಲು ಹೇಳಲಾಯಿತು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದರೆ, ಉಳಿದವರಿಗೆ 3.2 ಸಲ. ಆದರೆ ಬಸ್ಸಿನಲ್ಲಿ ಓಡಾಡುವವರು, ಬೀದಿಯಲ್ಲಿ ಹೂವು ಮಾರುವವರು, ಶಾಲೆಯ ಹುಡುಗಿಯರು ನೀರು ಕುಡಿಯದಿರುವುದು ಸೋಮಾರಿತನದಿಂದಲ್ಲ, ಬಳಸುವಂಥ ಶೌಚಾಲಯ ಸಿಗುವುದಿಲ್ಲವಲ್ಲ ಎಂದು. ಅದನ್ನು ಸರಿಪಡಿಸದೆ ‘ಚೆನ್ನಾಗಿ ನೀರು ಕುಡಿಯಿರಿ’ ಅನ್ನುವುದು ಅರ್ಧ ಚಿಕಿತ್ಸೆ.

ಮುಟ್ಟು ನಿಂತವರ ಕಾರಣ ಬೇರೆ. ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಾಗ ಯೋನಿಯಲ್ಲಿ ಕಾವಲಿದ್ದ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ, ಆ ಜಾಗಕ್ಕೆ ಇ. ಕೋಲೈ ಬರುತ್ತದೆ. 1993ರಲ್ಲೇ ಒಂದು ಪ್ರಯೋಗ, ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮಿನಿಂದ ಸೋಂಕು ವರ್ಷಕ್ಕೆ ಸರಾಸರಿ 5.9 ಸಲದ ಬದಲು 0.5 ಸಲಕ್ಕೆ ಇಳಿದದ್ದನ್ನು ತೋರಿಸಿತ್ತು. ಇಷ್ಟು ವರ್ಷವಾದರೂ ನಮ್ಮ ಅಮ್ಮಂದಿರು, ಅತ್ತೆಯರು ಸಂಕೋಚದಿಂದ ಕೇಳುವುದಿಲ್ಲ, ಎಷ್ಟೋ ಸಲ ವೈದ್ಯರೂ ಎತ್ತುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಬೇಕು.

ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಬದಿಗೆ ನೋವು, ವಾಂತಿ ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ರಿಪೋರ್ಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.