ತೂಕ ಕೇಳಿದ ಕೂಡಲೇ ಕ್ಯಾಡ್ ಯಾಕೆ ನಿಲ್ಲುತ್ತದೆ?

ಪೀಣ್ಯದ ಮೆಷಿನ್ ಶಾಪ್‌ಗಳಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಪಾರ್ಟ್ ವಿನ್ಯಾಸ ಮಾಡುವ ಸಾಫ್ಟ್‌ವೇರ್. ಅದರಲ್ಲಿ ಮಾಡೆಲ್ ಸರಾಗವಾಗಿ ತಿರುಗುತ್ತದೆ, ಜೂಮ್ ಆಗುತ್ತದೆ. ತೂಕ ತೋರಿಸುವ 'ಮಾಸ್ ಪ್ರಾಪರ್ಟೀಸ್' ಬಟನ್ ಒತ್ತಿದರೆ ಮಾತ್ರ ಎಲ್ಲ ಸ್ತಬ್ಧ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಾ ಸಾರ್?

ಬೇಡ, ಆ ದುಡ್ಡು ಉಳಿಸಿಕೊಳ್ಳಿ. ಪರದೆ ಮೇಲೆ ತಿರುಗುವುದು ಬರೀ ತ್ರಿಕೋನಗಳ ಜಾಲ. ಗ್ರಾಫಿಕ್ಸ್ ಕಾರ್ಡ್ ಬಿಡಿಸುವುದು ಅದನ್ನೇ. ತೂಕ, ಗುರುತ್ವ ಕೇಂದ್ರ, ಮೊಮೆಂಟ್ ಆಫ್ ಇನರ್ಷಿಯಾ (ತಿರುಗಿಸಲು ಪಾರ್ಟ್ ಒಡ್ಡುವ ಜಡತೆ) ಇವುಗಳ ಲೆಕ್ಕ ಸಾಮಾನ್ಯವಾಗಿ ನಡೆಯುವುದು ಅದರ ಹಿಂದಿರುವ ನಿಖರವಾದ ಮಾಡೆಲ್ ಮೇಲೆ, ಅದೂ ಸಿಪಿಯುನಲ್ಲಿ.

ಲೆಕ್ಕದ ದಾರಿ ಚೆನ್ನಾಗಿದೆ. ಇಂಜಿನಿಯರಿಂಗ್ ಓದುವಾಗ ಡೈವರ್ಜೆನ್ಸ್ ಥಿಯರಮ್ ಕಲಿತಿದ್ದೀರಿ ಅಲ್ವಾ? ಇಲ್ಲಿ ಕೆಲಸಕ್ಕೆ ಬರುವುದು ಅದೇ. ಪಾರ್ಟ್‌ನ ಒಳಗನ್ನು ನೋಡಬೇಕಾಗಿಲ್ಲ. ಹೊರಗಿನ ಒಂದೊಂದು ಮುಖದಿಂದ ಬರುವ ಪಾಲನ್ನು ಕೂಡಿಸಿದರೆ ಘನಫಲ ಸಿಗುತ್ತದೆ, ಅದನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ಚಪ್ಪಟೆ ಮುಖ, ಸಿಲಿಂಡರ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಸ್ಪ್ಲೈನ್ ಮುಖ, ಅಂದರೆ ಬೇಕಾದ ಹಾಗೆ ಬಾಗಿದ ಮುಖ, ಬಂದರೆ ಕಷ್ಟ. ಅದರ ಮೇಲೆ ಬಿಂದುಗಳನ್ನು ಆರಿಸಿ, ಒಂದೊಂದರಲ್ಲೂ ಲೆಕ್ಕದ ಮೌಲ್ಯ ತೆಗೆದು, ಅದಕ್ಕೆ ತಕ್ಕ ಗುಣಕ ಹಾಕಿ ಕೂಡಿಸಬೇಕು. ಉತ್ತರದ ನಿಖರತೆ ಸಾಲದಿದ್ದರೆ ಮುಖವನ್ನು ತುಂಡು ಮಾಡಿ ಮತ್ತೆ ಮೊದಲಿನಿಂದ. ಅಂಚುಗಳು ಅಡ್ಡಾದಿಡ್ಡಿ ಟ್ರಿಮ್ ಆಗಿದ್ದರೆ (ಕತ್ತರಿಸಿದ್ದರೆ) ಈ ಸುತ್ತು ಇನ್ನೂ ಜಾಸ್ತಿ.

ಹಾಗಾದರೆ ಪರದೆಯ ತ್ರಿಕೋನಗಳಿಂದಲೇ ಲೆಕ್ಕ ಹಾಕಿದರೆ ಆಗದೇ? ಆಗುತ್ತದೆ, ತುಂಬ ಬೇಗ ಆಗುತ್ತದೆ. ಆದರೆ ಎಲ್ಲಿ ಅನ್ನೋದು ಮುಖ್ಯ. ವೃತ್ತವನ್ನು 36 ನೇರ ತುಂಡು ಮಾಡಿದರೆ ವಿಸ್ತೀರ್ಣ ಸುಮಾರು ಶೇ. 0.5 ಕಡಿಮೆ ಬರುತ್ತದೆ. 72 ಮಾಡಿದರೆ ಶೇ. 0.13. ಗಟ್ಟಿ ಶಾಫ್ಟ್‌ಗೆ ಕೊಟೇಶನ್ ಕೊಡಲು ಇದು ಧಾರಾಳ ಸಾಕು. ಈಗ 100 ಮಿ.ಮೀ. ಹೊರವ್ಯಾಸ, 96 ಮಿ.ಮೀ. ಒಳವ್ಯಾಸದ ಪೈಪ್ ತೆಗೆದುಕೊಳ್ಳಿ. ಜಾಲದಲ್ಲಿ ಹೊರಗೆ 72 ತುಂಡು, ಒಳಗೆ 36 ತುಂಡು ಬಿದ್ದಿವೆ ಅನ್ನೋಣ. ತೂತು ಚಿಕ್ಕದಾಗಿ ಲೆಕ್ಕಕ್ಕೆ ಬರುವುದರಿಂದ ಗೋಡೆಯ ಲೋಹ ಶೇ. 4ಕ್ಕೂ ಜಾಸ್ತಿ ತೋರಿಸುತ್ತದೆ! ತೆಳುಗೋಡೆಯ ಪಾರ್ಟ್‌ಗಳಲ್ಲಿ ಜಾಲದ ತೂಕವನ್ನು ನಂಬಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಉಲ್ಟಾ ತಪ್ಪೂ ನಡೆಯುತ್ತದೆ. ಕಾಸ್ಟಿಂಗ್‌ನ ನಿಜವಾದ ತೂಕವೇ ಅಚ್ಚಿನಿಂದ ಅಚ್ಚಿಗೆ ಬದಲಾಗುತ್ತದೆ. ಸ್ಟೀಲಿನ ಸಾಂದ್ರತೆಯನ್ನು ಒಬ್ಬರು ಘನ ಸೆಂ.ಮೀ.ಗೆ 7.85 ಗ್ರಾಂ ಹಾಕುತ್ತಾರೆ, ಇನ್ನೊಬ್ಬರು 7.8. ಅಂಥ ಕಡೆ ದಶಮಾಂಶದ ನಂತರ ಆರು ಅಂಕಿಯ ನಿಖರತೆ ಕೇಳಿ ಕಾಯುವುದು ಸುಮ್ನೆ ಸಮಯ ಹಾಳು. ವಿಮಾನದ ಪಾರ್ಟ್‌ಗೆ ಗುರುತ್ವ ಕೇಂದ್ರ ಬೇಕು ಅಂದರೆ ಕಾಯಲೇಬೇಕು, ಆ ಮಾತೇ ಬೇರೆ. ಓಪನ್ ಕ್ಯಾಸ್ಕೇಡ್ (ಕ್ಯಾಡ್ ಪ್ರೋಗ್ರಾಂ ಬರೆಯುವವರ ಓಪನ್ ಸೋರ್ಸ್ ಲೈಬ್ರರಿ) ಬಳಸುವವರಿಗೆ ಒಂದು ಮಾತು. ಅಲ್ಲಿ ನೀವು ಕೊಡುವ 'ಎಪ್ಸ್' ಎಂಬ ನಿಖರತೆಯ ಮಿತಿ ನಿಜ ಉತ್ತರದಿಂದ ಎಷ್ಟು ದೂರ ಎಂಬುದರ ಅಳತೆ ಅಲ್ಲ. ಒಂದರ ಹಿಂದೆ ಒಂದು ಬಂದ ಎರಡು ಸುತ್ತಿನ ಉತ್ತರಗಳ ನಡುವಿನ ವ್ಯತ್ಯಾಸ ಅಷ್ಟೇ.

ಸ್ವಂತ ಸ್ಕ್ರಿಪ್ಟ್ ಬರೆಯುವ ಹುಡುಗರು ನಮ್ಮ ಊರಲ್ಲಿ ಬೇಕಾದಷ್ಟಿದ್ದಾರೆ. ಅವರು ಎಡವುವ ಜಾಗ ಇನ್ನೊಂದು. 10 ಮಿ.ಮೀ. ಘನಾಕೃತಿಯ ಪಾರ್ಟ್ ಮೂಲಬಿಂದುವಿನಿಂದ 10 ಮೀಟರ್ ಆಚೆ ಇದೆ ಅನ್ನಿ. ಇಡೀ ಬಸ್ಸಿನ ಅಸೆಂಬ್ಲಿಯಲ್ಲಿ ಇದು ಮಾಮೂಲು. ಎಕ್ಸ್ ದಿಕ್ಕಿನಲ್ಲಿ ಲೆಕ್ಕ ಹಿಡಿದರೆ (ಮುಖದ ವಿಸ್ತೀರ್ಣ × ಮೂಲಬಿಂದುವಿನಿಂದ ದೂರ) ಒಂದು ಮುಖದ ಪಾಲು 10,01,000, ಎದುರು ಮುಖದ್ದು 10,00,000. ಕಳೆದರೆ ಉಳಿಯುವುದು 1,000 ಘನ ಮಿ.ಮೀ. ಇವೇ ಮುಖಗಳು ವಕ್ರವಾಗಿದ್ದು, ಒಂದರ ಪಾಲಿನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ತಪ್ಪಾದರೂ ಆ ತಪ್ಪು 100 ಆಗುತ್ತದೆ. ಅಂದರೆ ಘನಫಲದಲ್ಲೇ ಶೇ. 10. ಆಗ ಹುಡುಗರು ನಿಖರತೆ ಬಿಗಿ ಮಾಡುತ್ತಾರೆ, ಪ್ರೋಗ್ರಾಂ ತೆವಳುತ್ತದೆ. ಮದ್ದು ಸುಲಭ. ಪಾರ್ಟ್‌ನ ಮಧ್ಯದ ಹತ್ತಿರದ ಬಿಂದುವನ್ನೇ ಆಧಾರವಾಗಿ ಹಿಡಿದು ಲೆಕ್ಕ ಹಾಕಿ, ಕೊನೆಗೆ ಉತ್ತರವನ್ನು ಬೇಕಾದ ಜಾಗಕ್ಕೆ ಸರಿಸಿ. ನಿಖರತೆಯೂ ಸಿಗುತ್ತದೆ, ವೇಗವೂ ಸಿಗುತ್ತದೆ.

ಅಸೆಂಬ್ಲಿ ನಿಧಾನವಾದರೆ ಮೊದಲು ಬೋಲ್ಟ್‌ಗಳನ್ನು ನೋಡಿ. ಒಂದೇ ಬೋಲ್ಟ್ 200 ಕಡೆ ಕೂತಿದ್ದರೆ ಲೆಕ್ಕ ಒಂದು ಸಲ ಸಾಕು. ಉಳಿದವಕ್ಕೆ ಗುರುತ್ವ ಕೇಂದ್ರವನ್ನು ಸರಿಸಿ, ಇನರ್ಷಿಯಾವನ್ನು ತಿರುಗಿಸಿ, ಪ್ಯಾರಲಲ್ ಆಕ್ಸಿಸ್ ಥಿಯರಮ್ (ಇನರ್ಷಿಯಾವನ್ನು ಒಂದು ಅಕ್ಷದಿಂದ ಅದಕ್ಕೆ ಸಮಾನಾಂತರವಾದ ಇನ್ನೊಂದಕ್ಕೆ ಸಾಗಿಸುವ ಸೂತ್ರ) ಹಾಕಿದರೆ ಆಯಿತು. ಆದರೆ ಗಿರಾಕಿಯಿಂದ ಬಂದ ಸ್ಟೆಪ್ ಫೈಲಿನಲ್ಲಿ (ಬೇರೆ ಬೇರೆ ಕ್ಯಾಡ್‌ಗಳ ನಡುವೆ ಮಾಡೆಲ್ ಸಾಗಿಸುವ ಫೈಲ್) ಕೆಲವು ಸಲ ಒಂದೊಂದು ಬೋಲ್ಟೂ ಬೇರೆ ಬೇರೆ ಪಾರ್ಟ್ ಆಗಿ ಬಂದಿರುತ್ತದೆ. ಆಗ ಸಾಫ್ಟ್‌ವೇರ್ 200 ಸಲ ಬೆವರು ಸುರಿಸುತ್ತದೆ. ಅವನ್ನು ಒಂದೇ ಪಾರ್ಟ್‌ನ ಪ್ರತಿಗಳಾಗಿ ಬದಲಿಸುವ ಬೇಸರದ ಕೆಲಸ ಮಾಡಿದರೆ ಅದರ ಫಲ ತೂಕದ ಲೆಕ್ಕದಲ್ಲಿ ಮಾತ್ರ ಅಲ್ಲ, ಫೈಲ್ ತೆರೆಯುವಾಗಲೂ ಸಿಗುತ್ತದೆ. ಡ್ರಾಯಿಂಗ್‌ನ ಟೈಟಲ್ ಬ್ಲಾಕ್‌ಗೆ ತೂಕವನ್ನು ಜೋಡಿಸಿಟ್ಟಿದ್ದೀರಾ ಅಂತಲೂ ನೋಡಿ. ಹಾಗಿದ್ದರೆ ಮಾಡೆಲ್ ಬದಲಾಗಿ ಮತ್ತೆ ಕಟ್ಟಿಕೊಳ್ಳುವ ಪ್ರತಿ ರೀಬಿಲ್ಡ್‌ಗೂ ಲೆಕ್ಕ ಮೊದಲಿಂದ ಶುರುವಾಗಬಹುದು.

ಇಷ್ಟಾದರೂ ಒಂದು ಪಾರ್ಟ್ ಹಟ ಮಾಡಿದರೆ, ಮುಖಗಳನ್ನು ಒಂದೊಂದಾಗಿ ಆರಿಸಿ ವಿಸ್ತೀರ್ಣ ಕೇಳಿ. ಬಹುತೇಕ ಎಲ್ಲವೂ ಥಟ್ಟನೆ ಉತ್ತರ ಕೊಡುತ್ತವೆ, ಯಾವುದೋ ಒಂದೆರಡು ತಡೆಯುತ್ತವೆ. ಸಾಮಾನ್ಯವಾಗಿ ಅದು ಕೂದಲೆಳೆಯಂಥ ಫಿಲೆಟ್ (ಮೂಲೆ ದುಂಡಾಗಿಸಿದ ಮುಖ) ತುಣುಕು, ಇಲ್ಲವೇ ಸ್ಕ್ಯಾನ್‌ನಿಂದ ಬಂದ, ಆಕಾರ ನಿರ್ಧರಿಸುವ ಸಾವಿರಾರು ಕಂಟ್ರೋಲ್ ಪಾಯಿಂಟ್ ತುಂಬಿದ ಸರ್ಫೇಸ್. ಆ ಮುಖವನ್ನು ಅಳಿಸಿ ಸರಳವಾಗಿ ಮತ್ತೆ ಕಟ್ಟಿ, ಆಮೇಲೆ ಬಟನ್ ಒತ್ತಿ.