ಕೋಡ್ ಸರಿ ಐತಿ, ಬಿಲ್ಡ್ ಆಗವಲ್ದು

"ಮಾಮಾ, ಕೋಡ್ ಸರಿ ಐತಿ, ಬಿಲ್ಡ್ ಆಗವಲ್ದು."

ಗಂಗಾವತಿಯಿಂದ ಅಕ್ಕನ ಮಗ ಫೋನ್ ಮಾಡಿ ಹೇಳಿದ್ದು ಇಷ್ಟೇ. ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ. ಪ್ರಾಜೆಕ್ಟಿಗೆ ತುಂಗಭದ್ರಾ ಜಲಾಶಯದ ದಿನದ ಲೆಕ್ಕ ತಗೊಂಡಿದ್ದ. ನೀರಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅನ್ನುವ ಅಂಕಿಗಳು. ಎಡದಂಡೆ ಕಾಲುವೆ ನೀರು ಬಂದರೆ ಭತ್ತ, ಇಲ್ಲವಾದರೆ ಇಲ್ಲ ಅನ್ನುವ ಊರು ಅದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಅಕ್ಕನ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆ ದಿನಗಳ ಹರಿವನ್ನು ಹಿಂದಿನ ವರ್ಷಗಳ ಜೊತೆ ಇಟ್ಟು ನೋಡಬೇಕು ಅನ್ನೋದು ಅವನ ಆಸೆ. ಒಳ್ಳೆಯ ಆಸೆ.

ಇದಕ್ಕೆ ಅವನು ಆರಿಸಿಕೊಂಡದ್ದು ಅಪಾಚೆ ಸ್ಪಾರ್ಕ್. 2009ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾತೈ ಜಹಾರಿಯಾ ಶುರು ಮಾಡಿದ ಕೆಲಸ ಅದು. ಒಂದು ಕಂಪ್ಯೂಟರಿನಲ್ಲಿ ಹಿಡಿಸದಷ್ಟು ಡೇಟಾವನ್ನು ಹತ್ತಾರು ಕಂಪ್ಯೂಟರುಗಳಿಗೆ ಹಂಚಿ ಲೆಕ್ಕ ಹಾಕುತ್ತದೆ. ನಿಜ ಹೇಳಬೇಕೆಂದರೆ 30 ವರ್ಷದ ದಿನದ ಲೆಕ್ಕ ಅಂದರೆ ಸುಮಾರು 11 ಸಾವಿರ ಸಾಲು, ಅದಕ್ಕೆ ಎಕ್ಸೆಲ್ ಸಾಕು. ಆದರೂ ಸಣ್ಣ ಡೇಟಾದಲ್ಲಿ ಕಲಿತರೆ ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ. ಹಾಗಾಗಿ ಬೇಡ ಅನ್ನಲಿಲ್ಲ.

ಸ್ಪಾರ್ಕ್ ಜೊತೆಗೆ ಒಂದು ಶೆಲ್ ಬರುತ್ತದೆ. ಒಂದೊಂದೇ ಸಾಲು ಟೈಪ್ ಮಾಡಿದರೆ ಅಲ್ಲೇ ಉತ್ತರ. ಅದರಲ್ಲಿ ಅವನ ಕೋಡ್ ಚೆನ್ನಾಗಿಯೇ ಓಡಿತ್ತು. ಅದೇ ಕೋಡನ್ನು ಫೈಲಿಗೆ ಹಾಕಿ, ತನ್ನಷ್ಟಕ್ಕೆ ತಾನೇ ಓಡುವ ಅಪ್ಲಿಕೇಶನ್ ಮಾಡಲು ಹೋದಾಗ ಎಲ್ಲ ಕೆಟ್ಟಿತು. ಶೆಲ್‌ನಲ್ಲಿ ಬೇಕಾದ ಲೈಬ್ರರಿಗಳೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳೆಲ್ಲ, ಮೊದಲೇ ಜೋಡಿಸಿಟ್ಟಿರುತ್ತವೆ, ಹೊರಗೆ ಬಂದರೆ ಯಾವುದೂ ಇರುವುದಿಲ್ಲ. ಯಾವ ಲೈಬ್ರರಿ, ಯಾವ ವರ್ಷನ್, ಎಲ್ಲಿಂದ ತರಬೇಕು, ಯಾವ ಕ್ರಮದಲ್ಲಿ ಕಂಪೈಲ್ ಮಾಡಬೇಕು, ಅಂದರೆ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕು, ಎಲ್ಲವನ್ನೂ ಯಾರಾದರೂ ಹೇಳಬೇಕು. ಆ ಕೆಲಸವೇ ಬಿಲ್ಡ್ ಟೂಲಿನದು.

ಈ ಟೂಲುಗಳು ಹುಟ್ಟಿದ್ದೇ ಇಂಥ ಒಂದು ಬೆಳಗಿನ ಸಂಕಟದಿಂದ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಸ್ಟೀವ್ ಜಾನ್ಸನ್ ಅನ್ನುವವರು ಒಂದು ಪ್ರೋಗ್ರಾಮಿನ ತಪ್ಪು ಹುಡುಕುತ್ತಾ ಇಡೀ ಬೆಳಗ್ಗೆ ಕಳೆದರು. ತಪ್ಪನ್ನು ಅವರು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ ಅಷ್ಟೆ, ಹಳೆಯದೇ ಓಡುತ್ತಿತ್ತು. ಅವರು ಬಂದು ಗೋಳು ಹೇಳಿಕೊಂಡಿದ್ದು ಸ್ಟುವರ್ಟ್ ಫೆಲ್ಡ್‌ಮನ್ ಹತ್ತಿರ, ಫೆಲ್ಡ್‌ಮನ್ 1976ರಲ್ಲಿ ಮೇಕ್ ಬರೆದರು. ಯಾವ ಫೈಲ್ ಬದಲಾಗಿದೆಯೋ ಅದನ್ನೂ ಅದನ್ನು ನಂಬಿಕೊಂಡಿರುವವನ್ನೂ ಮಾತ್ರ ಮತ್ತೆ ಕಟ್ಟುವ ಟೂಲ್ ಅದು. ಆಮೇಲೆ ಜಾವಾ ಲೋಕಕ್ಕೆ ಆಂಟ್ ಬಂತು, ಮೇವನ್ ಬಂತು, ಜಾವಾ ಮೇಲೆಯೇ ಓಡುವ ಸ್ಕಾಲಾ ಭಾಷೆಗೆ ಎಸ್‌ಬಿಟಿ ಬಂತು. ನಮ್ಮ ಹುಡುಗ ಬಳಸುತ್ತಿದ್ದದ್ದು ಎಸ್‌ಬಿಟಿ.

ಸಂಜೆ ವಿಡಿಯೋ ಕಾಲ್‌ನಲ್ಲಿ ಅವನ ಪರದೆ ನೋಡಿದೆ. ಎರಡು ದಿನದಲ್ಲಿ ಜಾವಾ ಮೂರು ಸಲ, ಎಸ್‌ಬಿಟಿ ಎರಡು ಸಲ ತೆಗೆದು ಹಾಕಿದ್ದ. ಬಹಳ ಜನ ಮಾಡೋದು ಇದೇ. ಆದರೆ ಏನು ಕೆಟ್ಟಿದೆ ಅಂತ ನೋಡದೆ ಎಲ್ಲವನ್ನೂ ತೆಗೆದು ಹಾಕಿದರೆ ಇದ್ದ ಸುಳಿವೂ ಹೋಗುತ್ತದೆ. ಮೊದಲು ಎರರ್ ಓದೋಣ ಅಂದೆ.

"ಆಬ್ಜೆಕ್ಟ್ ಅಪಾಚೆ ಈಸ್ ನಾಟ್ ಎ ಮೆಂಬರ್ ಆಫ್ ಪ್ಯಾಕೇಜ್ ಆರ್ಗ್" ಅಂತ ಬರುತ್ತಿತ್ತು. ಕೋಡಿನ ಮೊದಲ ಸಾಲಿಗೇ ಬಂದ ಎರರ್ ಆದ್ದರಿಂದ ಸಾಲು ತಪ್ಪು ಅಂತ ಅವನ ಲೆಕ್ಕ. ಸಾಲು ಸರಿಯಾಗಿಯೇ ಇತ್ತು. ಸ್ಪಾರ್ಕ್ ಲೈಬ್ರರಿ ಕಂಪೈಲರ್ ಕಣ್ಣಿಗೆ ಬೀಳುತ್ತಿಲ್ಲ ಅಂತ ಮಾತ್ರ ಅದರ ಅರ್ಥ. ಬೇಕಾದ ಲೈಬ್ರರಿಗಳ ಪಟ್ಟಿ ಇರೋದು ಬಿಲ್ಡ್ ಡಾಟ್ ಎಸ್‌ಬಿಟಿ ಅನ್ನುವ ಫೈಲಿನಲ್ಲಿ. ಫೈಲ್ ಇತ್ತಲ್ಲ, ಮತ್ತೇನು? ವಿಂಡೋಸ್‌ನಲ್ಲಿ ಫೈಲಿನ ಪೂರ್ತಿ ಹೆಸರು ಕಾಣುವಂತೆ ಮಾಡಿಸಿದೆ. ಬಿಲ್ಡ್ ಡಾಟ್ ಎಸ್‌ಬಿಟಿ ಡಾಟ್ ಟಿಎಕ್ಸ್‌ಟಿ! ನೋಟ್‌ಪ್ಯಾಡ್ ತಾನಾಗಿ ಬಾಲ ಅಂಟಿಸಿತ್ತು. ಎಸ್‌ಬಿಟಿ ಆ ಫೈಲನ್ನು ಓದಿಯೇ ಇರಲಿಲ್ಲ. ಅದೇ ಫೈಲನ್ನು ಮೇಲಿನ ಫೋಲ್ಡರಿನ ಬದಲು ಪ್ರಾಜೆಕ್ಟ್ ಅನ್ನುವ ಒಳ ಫೋಲ್ಡರಿನಲ್ಲಿ ಇಟ್ಟರೂ ಇದೇ ಎರರ್ ಬರಬಹುದು. ಎಸ್‌ಬಿಟಿ ಲೆಕ್ಕದಲ್ಲಿ ಅದು ಬಿಲ್ಡನ್ನೇ ಕಟ್ಟುವ ಜಾಗ, ಅಲ್ಲಿ ಸೇರಿಸಿದ ಲೈಬ್ರರಿ ನಮ್ಮ ಕೋಡಿಗೆ ಸಿಗೋದಿಲ್ಲ.

ಹೆಸರು ಸರಿಮಾಡಿದ ಕೂಡಲೇ ಹೊಸ ಎರರ್ ಬಂತು. ಹುಡುಗನ ಮುಖ ಬಾಡಿತು, ನನಗೆ ಖುಷಿಯಾಯಿತು. ಎರರ್ ಬದಲಾಯಿತು ಅಂದರೆ ಮುಂದಿನ ಬಾಗಿಲಿಗೆ ಬಂದೆವು ಅಂತಲೇ ಅಲ್ವಾ?

ಈ ಸಲ "ನಾಟ್ ಫೌಂಡ್" ಅಂತ ಒಂದು ಉದ್ದ ವಿಳಾಸ. ನೆಟ್ ಸರಿಯಿಲ್ಲ ಅಂತ ಅವನು ಮೊಬೈಲ್ ಹಾಟ್‌ಸ್ಪಾಟ್ ಆಫ್ ಮಾಡಿ ಆನ್ ಮಾಡಿದ. ನೆಟ್ ಸಮಸ್ಯೆ ಆಗಿದ್ದರೆ ಟೈಮ್ ಔಟ್ ಅಂತಲೋ, ಹೋಸ್ಟ್ ಗೊತ್ತಿಲ್ಲ ಅಂತಲೋ ಬರುತ್ತಿತ್ತು. ಇಲ್ಲಿ ಉಗ್ರಾಣದ ತನಕ ಹೋಗಿ, ಹುಡುಕಿ, ಅಂಥದ್ದು ಇಲ್ಲ ಅಂತ ವಾಪಸ್ ಬಂದಿದೆ. ಲೈಬ್ರರಿಗಳನ್ನು ಇಟ್ಟಿರುವ ಈ ಆನ್‌ಲೈನ್ ಉಗ್ರಾಣದ ಹೆಸರು ಮೇವನ್ ಸೆಂಟ್ರಲ್. ಹಳೇ ಪಾಠವೊಂದರಿಂದ ಸ್ಪಾರ್ಕ್ 2.4.0 ಅನ್ನುವ ಸಾಲನ್ನು ತಂದು, ತನ್ನ ಸ್ಕಾಲಾ 2.13ರ ಪಕ್ಕ ಇಟ್ಟಿದ್ದ. ಆ ಜೋಡಿಯನ್ನು ಯಾರೂ ಯಾವತ್ತೂ ತಯಾರೇ ಮಾಡಿಲ್ಲ. ಸ್ಪಾರ್ಕ್‌ಗೆ ಸ್ಕಾಲಾ 2.13ರ ಬೆಂಬಲ ಬಂದದ್ದು 2021ರಲ್ಲಿ, 3.2ರಿಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಬಹಳ ಜನ ಮುಗ್ಗರಿಸೋ ಜಾಗ ಇದು. ಸ್ಕಾಲಾದಲ್ಲಿ 2.12 ಮತ್ತು 2.13 ನೋಡಲು ಪಕ್ಕಪಕ್ಕದ ನಂಬರ್, ಆದರೆ ಒಂದರಲ್ಲಿ ಕಂಪೈಲ್ ಆದ ಲೈಬ್ರರಿ ಇನ್ನೊಂದರಲ್ಲಿ ಓಡುವ ಭರವಸೆ ಇಲ್ಲ, ಏಕೆಂದರೆ 2019ರಲ್ಲಿ ಬಂದ 2.13ರಲ್ಲಿ ಪಟ್ಟಿ, ಮ್ಯಾಪ್ ಥರದ ಮೂಲ ರಚನೆಗಳನ್ನೇ ಹೊಸದಾಗಿ ಬರೆದರು. ಅಳತೆ ಒಂದೇ ಇದ್ದು ಥ್ರೆಡ್ ಬೇರೆ ಇರುವ ನಟ್ಟು ಬೋಲ್ಟಿನ ಹಾಗೆ, ಎರಡು ಸುತ್ತು ತಿರುಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ಸ್ಕಾಲಾ ಲೈಬ್ರರಿಗಳ ಹೆಸರಿನ ಕೊನೆಯಲ್ಲಿ 2.12 ಅಥವಾ 2.13 ಅಂತ ಸೇರಿಸಿರುತ್ತಾರೆ. ಬಿಲ್ಡ್ ಫೈಲಿನಲ್ಲಿ ಶೇಕಡಾ ಚಿಹ್ನೆಯನ್ನು ಎರಡು ಸಲ ಹಾಕಿದರೆ ಎಸ್‌ಬಿಟಿ ಆ ಬಾಲವನ್ನು ತಾನೇ ಜೋಡಿಸುತ್ತದೆ. ಒಂದೇ ಸಲ ಹಾಕಿದರೆ ಬಾಲವಿಲ್ಲದ ಹೆಸರನ್ನು ಹುಡುಕಿ ಬರಿಗೈಲಿ ಬರುತ್ತದೆ. ಸ್ಪಾರ್ಕ್ 4.0 ಅಂತ ಬದಲಾಯಿಸಿದೆವು, ಅದಕ್ಕೆ ಬೇಕಾದದ್ದೂ 2.13. ಅವನು ಕೇಳಿದ್ದು ಒಂದು ಲೈಬ್ರರಿ, ಇಳಿದದ್ದು ನೂರಕ್ಕೂ ಜಾಸ್ತಿ ಜಾರ್ ಫೈಲ್, ಅಂದರೆ ಕಂಪೈಲ್ ಆದ ಕೋಡಿನ ಗಂಟುಗಳು. ಒಂದು ಲೈಬ್ರರಿಗೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಆ ಇಡೀ ಬಳಗವನ್ನು ಕರೆತರೋದೂ ಬಿಲ್ಡ್ ಟೂಲಿನ ಕೆಲಸವೇ. ಹಾಟ್‌ಸ್ಪಾಟ್‌ನಲ್ಲಿ ಸಾಕಷ್ಟು ಹೊತ್ತು ಹಿಡಿಯಿತು.

ಕಂಪೈಲ್ ಆಯಿತು. ಓಡಿಸಿದರೆ ಮೂರನೇ ಎರರ್. ನನಗೆ ಬಹಳ ಇಷ್ಟವಾದದ್ದು ಇದೇ. ಕ್ಲಾಸ್ ಫೈಲ್ ವರ್ಷನ್ 61, ಈ ಜಾವಾಗೆ 55ರ ತನಕ ಮಾತ್ರ ಗೊತ್ತು ಅನ್ನುತ್ತಿತ್ತು. 61 ಯಾವುದು, 55 ಯಾವುದು? ಕೋಡ್ ಕಂಪೈಲ್ ಆದಾಗ ಹುಟ್ಟುವ ಫೈಲೇ ಕ್ಲಾಸ್ ಫೈಲ್. ಜಾವಾದ ಪ್ರತಿ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ 'ಕೆಫೆ ಬೇಬ್' ಅನ್ನುವ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಇದು ಜಾವಾ ಫೈಲ್ ಅಂತ ಗುರುತಿಸುವ ಮುದ್ರೆ ಅದು. ಅದರ ಹಿಂದೆಯೇ ವರ್ಷನ್ ನಂಬರ್ ಇರುತ್ತದೆ. ಅದರಲ್ಲಿ 44 ಕಳೆದರೆ ಜಾವಾ ವರ್ಷನ್ ಸಿಗುತ್ತದೆ. 61 ಅಂದರೆ ಜಾವಾ 17, 55 ಅಂದರೆ 11. ಹಳೇ ಫೈಲನ್ನು ಹೊಸ ಜಾವಾ ಓದುತ್ತದೆ, ಹೊಸ ಫೈಲನ್ನು ಹಳೇ ಜಾವಾ ಮುಟ್ಟೋದಿಲ್ಲ. ಸ್ಪಾರ್ಕ್ 4ಕ್ಕೆ 17 ಬೇಕೇ ಬೇಕು.

"17 ಹಾಕೀನಿ ಮಾಮಾ, ನೋಡ್ರಿ" ಅಂತ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಜಾವಾ ವರ್ಷನ್ ಕೇಳಿ ತೋರಿಸಿದ. ಹೌದು, 17 ಅಂತಲೇ ಬಂತು. ಅವನು ಹೇಳಿದ್ದೂ ನಿಜ, ಎರರ್ ಹೇಳಿದ್ದೂ ನಿಜ. ಟರ್ಮಿನಲ್ ಜಾವಾವನ್ನು ಪಾತ್ ಅನ್ನುವ ಪಟ್ಟಿಯಲ್ಲಿ ಹುಡುಕುತ್ತದೆ. ಎಸ್‌ಬಿಟಿ ಮೊದಲು ನೋಡೋದು ಜಾವಾ ಹೋಮ್ ಅನ್ನುವ ಬೇರೆ ಸೆಟ್ಟಿಂಗನ್ನು. ಅದನ್ನು ಎರಡನೇ ವರ್ಷದ ಲ್ಯಾಬಿಗೆ ಅಂತ 11ಕ್ಕೆ ತೋರಿಸಿಟ್ಟು ಮರೆತಿದ್ದ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಜಾವಾ, ಕೇಳಿದವರಿಗೆ ತಕ್ಕ ಹಾಗೆ ಬೇರೆ ಬೇರೆ ಉತ್ತರ. ಹೀಗಿರುವಾಗ ಟರ್ಮಿನಲ್‌ಗೆ ಕೇಳಿ ಉಪಯೋಗವಿಲ್ಲ, ಎಸ್‌ಬಿಟಿಯನ್ನೇ ಕೇಳಬೇಕು. ಅದು ಶುರುವಾಗುವಾಗಲೇ ತಾನು ಯಾವ ಜಾವಾದಲ್ಲಿ ಓಡುತ್ತಿದ್ದೇನೆ ಅಂತ ಒಂದು ಸಾಲು ಬರೆಯುತ್ತದೆ. ಎರಡು ದಿನದಿಂದ ಆ ಸಾಲು ಅವನ ಕಣ್ಣ ಮುಂದೆಯೇ ಹಾದುಹೋಗಿತ್ತು.

ಜಾವಾ ಹೋಮ್ ಬದಲಾಯಿಸಿ, ಟರ್ಮಿನಲ್ ಮುಚ್ಚಿ ಹೊಸದು ತೆರೆದ. ಹಳೇ ಕಿಟಕಿಗೆ ಹಳೇ ಸೆಟ್ಟಿಂಗೇ ನೆನಪಿರುತ್ತದೆ, ಹಾಗಾಗಿ ಮುಚ್ಚಲೇಬೇಕು.

ನಾಲ್ಕನೆಯದು ಬೇಗ ಮುಗಿಯಿತು. ಹೊಸ ಜಾವಾ ತನ್ನ ಒಳಕೋಣೆಗಳಿಗೆ ಬೀಗ ಹಾಕಿಕೊಂಡಿದೆ. ಸ್ಪಾರ್ಕ್‌ಗೆ ಅವುಗಳಲ್ಲಿ ಕೆಲವು ಬೇಕು. ಎಸ್‌ಬಿಟಿ ಒಳಗಿಂದಲೇ ರನ್ ಅಂದರೆ ಆ ಬೀಗ ತೆಗೆಸುವವರು ಯಾರೂ ಇಲ್ಲ, ಅನುಮತಿ ಇಲ್ಲ ಅಂತ ಬೀಳುತ್ತದೆ. ಸ್ಪಾರ್ಕ್ ಸಬ್‌ಮಿಟ್ ಅನ್ನುವ ಕಮಾಂಡಿನಿಂದ ಓಡಿಸಿದರೆ ಬೇಕಾದ ಅನುಮತಿಗಳನ್ನು ಅದೇ ಕೊಡಿಸುತ್ತದೆ. ಎಸ್‌ಬಿಟಿಯಿಂದ ಪ್ಯಾಕೇಜ್ ಮಾಡಿ ಜಾರ್ ಫೈಲ್ ತೆಗೆದು, ಅದನ್ನು ಸ್ಪಾರ್ಕ್ ಸಬ್‌ಮಿಟ್ ಕೈಗೆ ಕೊಟ್ಟೆವು.

ಓಡಿತು. ಮೊದಲ ಇಪ್ಪತ್ತು ಸಾಲು ಪರದೆ ಮೇಲೆ ಬಂದವು, 1633 ಅಡಿ ತುಂಬಿದ ದಿನಗಳೂ ಕಂಡವು. ಆಮೇಲೆ ಮತ್ತೆ ನಿಂತಿತು. ಈ ಸಲ ಒಂದು ತಾರೀಕನ್ನು ಓದಲಾಗಲಿಲ್ಲ ಅಂತ ಎರರ್. ಹಿಂದಿನ ಸ್ಪಾರ್ಕ್‌ಗಳು ಮಾಮೂಲಿ ಸೆಟ್ಟಿಂಗಿನಲ್ಲಿ ಇಂಥ ಕಡೆ ಸುಮ್ನೆ ಖಾಲಿ ಬಿಟ್ಟು ಮುಂದೆ ಹೋಗುತ್ತಿದ್ದವು, 4.0 ಹಾಗೆ ಬಿಡೋದಿಲ್ಲ. ಅವನು ಪರದೆಗೆ ಮುಖ ಹತ್ತಿರ ತಂದು ಓದಿದ. ಕೆಲವು ವರ್ಷಗಳ ಫೈಲಿನಲ್ಲಿ ದಿನ ಮೊದಲಿತ್ತು, ಕೆಲವದರಲ್ಲಿ ತಿಂಗಳು ಮೊದಲಿತ್ತು.

"ಮಾಮಾ, ಇದು ನನ್ನ ಕೋಡಿಂದು," ಅಂದ. "ಇದನ್ನ ನಾನೇ ನೋಡ್ಕಂತೀನಿ."